ರಷ್ಯಾದ ಎಣ್ಣಿ, ಪಾಮನಕಲ್ಲೂರಿನ ಹತ್ತಿ

(2025ರ ಡಿಸೆಂಬರ್. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು. ಮಾತಾಡುವವರು ಇಬ್ಬರು: ಎರಿ ಹೊಲದಲ್ಲಿ ಹತ್ತಿ, ತೊಗರಿ ಬೆಳೆಯುವ ಹಿರಿಯರು, ಮಂಗಳೂರಿನಲ್ಲಿ ಹಡಗು ವ್ಯವಹಾರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ, ಅವರ ತಮ್ಮನ ಮಗಳು.)

ದೊಡ್ಡಪ್ಪ: ಯವ್ವಾ, ನೀ ಹಡಗಿನ ಲೆಕ್ಕ ಬರಿಯಾಕಿ ಅಂತ ನಿನ್ನ ಕೇಳಾಕತ್ತೀನಿ. ರಷ್ಯಾದ ಎಣ್ಣಿ ಅಗ್ಗ ಬಂತು, ದೇಶಕ್ಕ ಭಾರಿ ಉಳಿತಾಯ ಆತು ಅಂತ ಮೂರು ವರ್ಷದಿಂದ ಟೀವ್ಯಾಗ ಹೇಳಾಕತ್ಯಾರ. ನಮ್ಮ ಟ್ರ್ಯಾಕ್ಟರಿಗೆ ಹಾಕಿಸೋ ಡೀಸೆಲ್ ಅಗ್ಗ ಆಗಲಿಲ್ಲ. ಅದನ್ನ ಬಿಡು. ಈಗ ಅದೇ ಎಣ್ಣಿ ಹೆಸರಿನ್ಯಾಗ ಅಮೆರಿಕದವರು ದಂಡ ಹಾಕ್ಯಾರ, ಅದಕ್ಕ ಹತ್ತಿ ರೇಟು ಬಿದ್ದೈತಿ ಅಂತ ಜಿನ್ನಿಂಗ್ ಮಿಲ್ಲಿನ ಸಾವುಕಾರ ಹೇಳ್ತಾನ. ಎಣ್ಣಿಗೂ ಹತ್ತಿಗೂ ಏನು ಸಂಬಂಧ?

ಮಗಳು: ಸಂಬಂಧ ಐತ್ರಿ, ದೊಡ್ಡಪ್ಪ. ಆದ್ರ ನಡುವೆ ನಾಲ್ಕಾರು ಕೈ ದಾಟಿ ಬರೋ ಸಂಬಂಧ ಅದು. ಮೊದಲು ನಿರ್ಬಂಧ ಅಂದ್ರ ಏನಂತ ನೋಡಬೇಕು. ಸಿಟ್ಟಾದ ದೇಶ ಇನ್ನೊಂದು ದೇಶದ ಜೋಡಿ ತಾನು ವ್ಯಾಪಾರ ಬಿಡೋದು ಒಂದು. ಯಾರೂ ಮಾಡಬಾರದು, ಮಾಡಿದವರನ್ನ ನಮ್ಮ ಬ್ಯಾಂಕಿಗೂ ಬಿಟ್ಟುಕೊಳ್ಳಂಗಿಲ್ಲ, ನಮ್ಮ ಮಾರುಕಟ್ಟಿಗೂ ಬಿಟ್ಟುಕೊಳ್ಳಂಗಿಲ್ಲ ಅನ್ನೋದು ಇನ್ನೊಂದು. ಅಮೆರಿಕ ಎರಡನೇದನ್ನ ಮಾಡ್ತೈತಿ. ಲೋಕದ ವ್ಯಾಪಾರ ಹೆಚ್ಚಿನದು ಡಾಲರಿನ್ಯಾಗ ನಡಿಯೋದರಿಂದ ಅದರ ಮಾತು ನಡೀತೈತಿ.

ದೊಡ್ಡಪ್ಪ: ಅದು ನನಗ ತಿಳೀತೈತಿ. ಹಳ್ಳ್ಯಾಗ ಬಹಿಷ್ಕಾರ ಹಾಕಿದ್ದನ್ನ ಕಂಡವ ನಾನು. ಕೇರಿಯವರಿಗೆ ಕಿರಾಣಿ ಕೊಡಬ್ಯಾಡ್ರಿ, ಹಿಟ್ಟಿನ ಗಿರಣಿಗೆ ಬಿಡಬ್ಯಾಡ್ರಿ, ಕೂಲಿಗೆ ಕರೀಬ್ಯಾಡ್ರಿ ಅಂತ ಡಂಗುರ. ಕೊಟ್ಟವನಿಗೂ ದಂಡ. ಆ ದಂಡಕ್ಕ ಅಂಜಿ, ಕೊಡಬೇಕಂತ ಮನಸ್ಸಿದ್ದ ಅಂಗಡಿಯವನೂ ಬಾಗಿಲು ಹಾಕ್ತಿದ್ದ.

ಮಗಳು: ನಡಿಯೋ ರೀತಿ ಹಂಗೇ ಐತಿ. ಕಾರಣ ಮಾತ್ರ ಒಂದೇ ಅಲ್ಲ. ಕೇರಿಯವರು ತಮ್ಮ ಹಕ್ಕು ಕೇಳಿದ್ದಕ್ಕ ಅವರಿಗೆ ಶಿಕ್ಷೆ. ರಷ್ಯಾ 2022ರ ಫೆಬ್ರವರಿ 24ಕ್ಕ ನೆರೆಯ ಯುಕ್ರೇನಿನ ಮ್ಯಾಲೆ ದಂಡೆತ್ತಿ ಹೋತು, ಊರಿಗೆ ಊರೇ ಸುಟ್ಟವು. ಇದನ್ನ ಮರೆತು ಬರೇ ಅಗ್ಗದ ಮಾತಾಡಿದ್ರ ನನ್ನ ಮನಸ್ಸು ಒಪ್ಪಂಗಿಲ್ಲ.

ದೊಡ್ಡಪ್ಪ: ನನ್ನ ಮನಸ್ಸೂ ಒಪ್ಪಂಗಿಲ್ಲ. ಆದ್ರ ಶಿಕ್ಷೆ ಹಾಕೋರು ಯಾರು ಅನ್ನೋದನ್ನೂ ಕೇಳಬೇಕಲ್ಲ? ಎಲ್ಲಾ ದೇಶ ಕೂತು ಹಾಕಿದ್ದೋ, ಒಬ್ಬನೇ ಹಾಕಿದ್ದೋ?

ಮಗಳು: ವಿಶ್ವಸಂಸ್ಥೆ ಹಾಕಿದ್ದನ್ನಷ್ಟೇ ಪಾಲಿಸ್ತೀವಿ, ಒಂದೊಂದು ದೇಶ ತಾನೇ ಹಾಕಿದ್ದನ್ನ ಒಪ್ಪಂಗಿಲ್ಲ ಅಂತ ನಮ್ಮ ಸರ್ಕಾರಗಳು ಹಿಂದಿನಿಂದ ಹೇಳಿಕೊಂಡು ಬಂದಾವ. ರಷ್ಯಾದ ಎಣ್ಣಿ ಮ್ಯಾಲೆ ವಿಶ್ವಸಂಸ್ಥೆಯ ನಿರ್ಬಂಧ ಇಲ್ಲ. ಅಮೆರಿಕ, ಯುರೋಪು ಹಾಕಿದ್ದು. ಆದ್ರ ಹೇಳೋದಕ್ಕೂ ಮಾಡೋದಕ್ಕೂ ನಡುವೆ ಎಷ್ಟು ಅಂತರ ಬೀಳ್ತೈತಿ ಅನ್ನೋದನ್ನ ಮಂಗಳೂರು ಕಂಡೈತಿ. ರಷ್ಯಾಕ್ಕಿಂತ ಮೊದಲಿನ ಕತಿ ಅದು, ಇರಾನಿಂದು.

ದೊಡ್ಡಪ್ಪ: ಹೇಳು. ನಮ್ಮ ಕಡೆ ಹುಡುಗರು ಅರ್ಧ ಮಂದಿ ಮಂಗಳೂರಾಗ ಕಟ್ಟಡದ ಕೆಲಸಕ್ಕ ಹೋಗ್ಯಾರ, ಅಲ್ಲಿ ಎಣ್ಣಿ ಫ್ಯಾಕ್ಟರಿ ಐತಿ ಅಂತ ಕೇಳೀನಿ.

ಮಗಳು: ಸುರತ್ಕಲ್ ಹತ್ರ ಕುತ್ತೆತ್ತೂರಿನ ಕಡೆ ಐತಿ, ಎಂಆರ್‌ಪಿಎಲ್ ಅಂತ. 1988ರಾಗ ಬಿರ್ಲಾ ಗುಂಪು ಮತ್ತು ಹಿಂದುಸ್ತಾನ್ ಪೆಟ್ರೋಲಿಯಂ ಕೂಡಿ ಶುರು ಮಾಡಿದ ಕಂಪನಿ. 2003ರಾಗ ಓಎನ್‌ಜಿಸಿ ಕೈಗೆ ಬಂತು. ವರ್ಷಕ್ಕ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸೋ ಶಕ್ತಿ ಅದಕ್ಕೈತಿ. ಬಹಳ ವರ್ಷ ಅದರ ದೊಡ್ಡ ಆಧಾರ ಇರಾನಿನ ಎಣ್ಣಿ. ಭಾರತದಾಗ ಇರಾನಿನ ಅತಿ ದೊಡ್ಡ ಗಿರಾಕಿ ಅಂದ್ರ ಅದೇ ಆಗಿತ್ತು. ಇರಾನ್ ಸಮುದ್ರದ ಆಚೆ ದಂಡೆ, ಹಡಗು ಕೆಲವೇ ದಿನದಾಗ ಬರ್ತೈತಿ. ಬೇರೆಯವರಿಗಿಂತ ಹೆಚ್ಚು ದಿನ ಉದ್ರಿ ಕೊಡ್ತಿದ್ರು. ಹಿಂಗಿರುವಾಗ ಅಮೆರಿಕ, ಇರಾನ್ ಅಣುಬಾಂಬು ಮಾಡಾಕತ್ತೈತಿ ಅಂತ ಹಗ್ಗ ಬಿಗಿ ಮಾಡ್ತಾ ಬಂತು. 2010ರ ಡಿಸೆಂಬರಿನಾಗ ನಮ್ಮ ರಿಸರ್ವ್ ಬ್ಯಾಂಕು, ಏಷ್ಯಾದ ದೇಶಗಳು ತಮ್ಮತಮ್ಮೊಳಗ ಲೆಕ್ಕ ತೀರಿಸಿಕೊಳ್ಳೋ ವ್ಯವಸ್ಥೆಯಿಂದ ಇರಾನಿನ ಎಣ್ಣಿ ಬಿಲ್ಲನ್ನ ಹೊರಗ ಹಾಕಿತು. ಎಣ್ಣಿ ಬರ್ತೈತಿ, ರೊಕ್ಕ ಕೊಡಾಕ ದಾರಿ ಇಲ್ಲ.

ದೊಡ್ಡಪ್ಪ: ರೊಕ್ಕ ಕೈಯಾಗಿದ್ದೂ ಕೊಡಾಕ ಆಗಲಿಲ್ಲ?

ಮಗಳು: ಆಗಲಿಲ್ಲ. ಜರ್ಮನಿಯ ಒಂದು ಬ್ಯಾಂಕಿನ ಮೂಲಕ ಕೊಟ್ಟು ನೋಡಿದ್ರು, ಅದು ಮುಚ್ಚಿತು. ತುರ್ಕಿಯ ಹಾಲ್ಕ್ ಬ್ಯಾಂಕಿನ ಮೂಲಕ ಕೊಟ್ರು, 2013ರಾಗ ಅದೂ ಮುಚ್ಚಿತು. ಅದರ ಹಿಂದಿನ ವರ್ಷ, ಬಿಲ್ಲಿನಾಗ ನೂರಕ್ಕ 45 ಪಾಲು ರೂಪಾಯಿಲೇ ಕೊಡ್ತೀವಿ ಅಂತ ಒಪ್ಪಂದ ಆಗಿತ್ತು. ಕೋಲ್ಕತ್ತಾದ ಯೂಕೋ ಬ್ಯಾಂಕಿನ್ಯಾಗ ಇರಾನಿನ ಖಾತೆಗೆ ಹಾಕೋದು. ಆ ಬ್ಯಾಂಕನ್ನೇ ಯಾಕ ಆರಿಸಿದ್ರು ಅಂದ್ರ, ಅದಕ್ಕ ಅಮೆರಿಕದಾಗ ಹೇಳಿಕೊಳ್ಳೋವಂಥ ವ್ಯವಹಾರ ಇರಲಿಲ್ಲ. ಕಳಕೊಳ್ಳಾಕ ಏನೂ ಇಲ್ಲದವನು ಅಂಜಬೇಕಾಗಿಲ್ಲ. ಉಳಿದ 55 ಪಾಲು ಬಾಕಿ ಬೆಳೀತಾ ಹೋತು. 2016ರಾಗ ನಿರ್ಬಂಧ ತೆಗೆದ ಮ್ಯಾಲೆ ಆ ಬಾಕಿ ತೀರಿಸಿದ್ರು, ಆರು ಬಿಲಿಯನ್ ಡಾಲರಿಗಿಂತ ಹೆಚ್ಚು, ಅಂದ್ರ ಆಗಿನ ಲೆಕ್ಕದಾಗ ಸುಮಾರು ನಲವತ್ತು ಸಾವಿರ ಕೋಟಿ ರೂಪಾಯಿ. ಎಂಆರ್‌ಪಿಎಲ್‌ನದ್ದೂ ಅದರಾಗ ದೊಡ್ಡ ಪಾಲು.

ಬ್ಯಾಂಕು ಅಷ್ಟೇ ಅಲ್ಲ, ದೊಡ್ಡಪ್ಪ. ನನ್ನ ಕೆಲಸದ ಕಡೆಯಿಂದ ನೋಡಿದ್ರ ದೊಡ್ಡ ಬೀಗ ವಿಮೆ. ವಿಮೆ ಇಲ್ಲದ ತೈಲದ ಹಡಗನ್ನ ಯಾವ ಬಂದರೂ ಒಳಗ ಬಿಡಂಗಿಲ್ಲ. ಒಡದು ಸಮುದ್ರಕ್ಕ ಎಣ್ಣಿ ಚೆಲ್ಲಿದ್ರ ಮೀನುಗಾರರ ಬದುಕು ಹೋಗ್ತೈತಿ, ಆ ನಷ್ಟ ತುಂಬೋರು ಬೇಕು. ಅಂಥ ದೊಡ್ಡ ವಿಮೆ ಕೊಡೋರು ಹೆಚ್ಚಿನವರು ಲಂಡನ್, ಯುರೋಪಿನವರು. 2012ರ ಜುಲೈ 1ರಿಂದ ಇರಾನಿನ ಎಣ್ಣಿ ಹೊರೋ ಹಡಗಿಗೆ ವಿಮೆ ಕೊಡಬಾರದು ಅಂತ ಯುರೋಪಿನ ಒಕ್ಕೂಟ ಕಾನೂನು ಮಾಡಿತು. ಆಗ ನಮ್ಮ ಸರ್ಕಾರಿ ವಿಮಾ ಕಂಪನಿಗಳೇ ಇದ್ದಷ್ಟು ರಕ್ಷಣೆ ಕೊಟ್ಟು ಭಾರತದ ಹಡಗು ಕಳಿಸಿದ್ರು. ಮರುವರ್ಷ ವಿಮೆಯ ತೊಡಕು ರಿಫೈನರಿಗೇ ಬಂತು. ಇರಾನಿನ ಎಣ್ಣಿ ಸಂಸ್ಕರಿಸೋ ಕಾರ್ಖಾನೆಗೆ ರಕ್ಷಣೆ ಇಲ್ಲ ಅಂದ್ರು. 2013ರ ಏಪ್ರಿಲಿನಿಂದ ಕೆಲವು ತಿಂಗಳು ಮಂಗಳೂರು ಇರಾನಿನಿಂದ ತರಿಸೋದನ್ನೇ ನಿಲ್ಲಿಸಿತ್ತು. ಒಂದು ಗುಂಡು ಹಾರಲಿಲ್ಲ, ಒಂದು ಹಡಗನ್ನ ಯಾರೂ ಅಡ್ಡಗಟ್ಟಲಿಲ್ಲ. ಕಾಗದದ ಮ್ಯಾಲೆ ಸಹಿ ಬೀಳಲಿಲ್ಲ, ಅಷ್ಟಕ್ಕ ನಿಂತಿತು.

ದೊಡ್ಡಪ್ಪ: ಯೂಕೋ ಬ್ಯಾಂಕಿನ್ಯಾಗ ಬಿದ್ದ ನಮ್ಮ ರೂಪಾಯಿ ಇಟ್ಟುಕೊಂಡು ಇರಾನಿನವರು ಏನು ಮಾಡ್ಯಾರು?

ಮಗಳು: ನಮ್ಮಲ್ಲೇ ಸಾಮಾನು ಕೊಂಡ್ರು. ಅಕ್ಕಿ, ಚಹಾ, ಔಷಧಿ, ಸೋಯಾ ಹಿಂಡಿ. ಮುಖ್ಯವಾಗಿ ಅಕ್ಕಿ.

ದೊಡ್ಡಪ್ಪ: ನಮ್ಮ ಸಿಂಧನೂರಿನ ಸೋನಾ ಮಸೂರಿ ಹೋತೇನು? ತುಂಗಭದ್ರಾ ಎಡದಂಡಿ ನೀರಿನ್ಯಾಗ ಬೆಳೆದದ್ದು ರಾಶಿ ರಾಶಿ ಇರ್ತೈತಲ್ಲ.

ಮಗಳು: ಇಲ್ರಿ. ಅವರು ಬೇಡೋದು ಉದ್ದನೆಯ ಬಾಸುಮತಿ, ಪಂಜಾಬ್, ಹರಿಯಾಣದ್ದು. ಎಣ್ಣಿ ಬರೋ ತನಕ ಆ ಕಡೆಯ ರೈತರಿಗೆ ಇದರಿಂದ ಒಳ್ಳೇದಾತು. 2018-19ರಾಗ ನಮ್ಮ ಬಾಸುಮತಿಗೆ ಇರಾನೇ ಅತಿ ದೊಡ್ಡ ಗಿರಾಕಿ. ಅಷ್ಟರಾಗ, 2018ರ ಮೇ ತಿಂಗಳಾಗ ಅಮೆರಿಕ ಇರಾನಿನ ಜೋಡಿ ಇದ್ದ ಅಣು ಒಪ್ಪಂದ ಮುರಿದು ಮತ್ತ ನಿರ್ಬಂಧ ಹೇರಿತು. ಭಾರತವೂ ಸೇರಿ ಎಂಟು ಕಡೆಯವರಿಗೆ ಆರು ತಿಂಗಳ ರಿಯಾಯಿತಿ ಕೊಟ್ಟಿತು, 2019ರ ಮೇ ತಿಂಗಳಿಗೆ ಅದೂ ಮುಗೀತು. ಒಬ್ಬರೇ ಹಾಕಿದ್ದನ್ನ ಒಪ್ಪಂಗಿಲ್ಲ ಅನ್ನೋ ನಾವು ಆ ತಿಂಗಳಿಂದ ಇರಾನಿನ ಎಣ್ಣಿ ಬಿಟ್ಟೆವು. ಎಣ್ಣಿ ನಿಂತ ಮ್ಯಾಲೆ ಯೂಕೋ ಖಾತೆಗೆ ಹೊಸ ರೂಪಾಯಿ ಬೀಳಲಿಲ್ಲ. ಇದ್ದದ್ದು ಕರಗಿತು. ಅಕ್ಕಿ ಕಳಿಸಿದವರ ರೊಕ್ಕ ಸಿಕ್ಕಿಬಿತ್ತು, ಅದರ ಪೆಟ್ಟು ಮಂಡಿಯಾಗ ಭತ್ತ ಮಾರೋರ ತನಕ ಹೋತು.

ದೊಡ್ಡಪ್ಪ: ಅಲ್ಲಿಗೆ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂಗಾತು. ಎಣ್ಣಿಯ ಜಗಳದಾಗ ಬಾಸುಮತಿ ರೈತ ಸಿಕ್ಕ. ಅವನು ಇರಾನನ್ನೂ ಕಂಡಿಲ್ಲ, ಅಮೆರಿಕವನ್ನೂ ಕಂಡಿಲ್ಲ.

ಮಗಳು: ಹೌದು. ನಿಮ್ಮ ಸರದಿ ಈಗ ಬಂದೈತಿ.

ದೊಡ್ಡಪ್ಪ: ಬರೋಣ ಅದಕ್ಕ. ಮೊದಲು ಡೀಸೆಲ್ ಮಾತು ಮುಗಿಸು. ಎಷ್ಟು ಅಗ್ಗ ಸಿಕ್ಕಿತ್ತು, ಆ ಉಳಿತಾಯ ಎಲ್ಲಿ ಹೋತು?

ಮಗಳು: ಯುದ್ಧಕ್ಕಿಂತ ಮೊದಲು ನಾವು ತರಿಸೋ ಕಚ್ಚಾ ತೈಲದಾಗ ರಷ್ಯಾದ್ದು ನೂರಕ್ಕ ಎರಡರಷ್ಟೂ ಇರಲಿಲ್ಲ. ದೂರದ ದೇಶ, ಸಾಗಣೆ ಖರ್ಚು ಹೆಚ್ಚು. ಯುರೋಪಿನವರು ಕೊಳ್ಳೋದು ಬಿಟ್ಟ ಮ್ಯಾಲೆ ರಷ್ಯಾ ಬೆಲೆ ಮುರಿದು ಕೊಡಾಕ ನಿಂತಿತು. 2023ರ ಹೊತ್ತಿಗೆ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಅಲ್ಲಿಂದಲೇ ಬರಾಕತ್ತಿತ್ತು. ಯಾರೂ ತಡೀಲಿಲ್ಲ. ತಡಿಯೋ ಉದ್ದೇಶವೂ ಆಗ ಅಮೆರಿಕಕ್ಕ ಇರಲಿಲ್ಲ. 2022ರ ಡಿಸೆಂಬರ್ 5ರಿಂದ ಅವರು ಹಾಕಿದ ಕಟ್ಟಳೆ ಏನಂದ್ರ, ಬ್ಯಾರಲ್ಲಿಗೆ 60 ಡಾಲರಿಗಿಂತ ಹೆಚ್ಚಿಗೆ ಮಾರಿದ್ರ ನಮ್ಮ ಹಡಗು, ನಮ್ಮ ವಿಮೆ ಸಿಗಂಗಿಲ್ಲ ಅಂತ. ಎಣ್ಣಿ ಲೋಕಕ್ಕ ಬರ್ತಾ ಇರಬೇಕು, ರಷ್ಯಾಕ್ಕ ಲಾಭ ಕಡಿಮಿ ಆಗಬೇಕು. ಒಮ್ಮೆಲೇ ರಷ್ಯಾದ ಎಣ್ಣಿ ಮಾಯ ಆಗಿದ್ರ ಎಲ್ಲರ ಬಂಕಿನ್ಯಾಗೂ ಬೆಂಕಿ ಬೀಳ್ತಿತ್ತು, ಅವರದ್ದರಾಗೂ ಬೀಳ್ತಿತ್ತು. ನಾವು ಬಳಸೋ ಕಚ್ಚಾ ತೈಲದಾಗ ನೂರಕ್ಕ 85ಕ್ಕಿಂತ ಹೆಚ್ಚು ಹೊರಗಿಂದ ಬರ್ತೈತಿ, ದೊಡ್ಡಪ್ಪ. ಅಗ್ಗ ಸಿಕ್ಕಲ್ಲಿ ಕೊಳ್ಳೋದು ಬಿಟ್ಟು ಬೇರೆ ಆಟ ನಮಗ ಬಹಳ ಇಲ್ಲ.

ದೊಡ್ಡಪ್ಪ: ಕೊಂಡದ್ದಕ್ಕ ನನ್ನ ತಕರಾರಿಲ್ಲ. ಎಲ್ಲಿ ಹೋತು ಅಂತ ಕೇಳಿದ್ದು.

ಮಗಳು: ಒಂದು ಮಾತು ನ್ಯಾಯವಾಗಿ ಹೇಳಬೇಕು. 2022ರಾಗ ಕಚ್ಚಾ ತೈಲ ನೂರು ಡಾಲರ್ ದಾಟಿದಾಗ ಸರ್ಕಾರಿ ಕಂಪನಿಗಳು ಏಪ್ರಿಲಿನಿಂದ ಬಂಕಿನ ಬೆಲೆ ಏರಿಸಲಿಲ್ಲ. ಆ ಏಪ್ರಿಲಿನಿಂದ ಆರು ತಿಂಗಳು ನಷ್ಟ ತಾಳಿಕೊಂಡ್ವು. ಮೇ ತಿಂಗಳಾಗ ಕೇಂದ್ರ ಅಬಕಾರಿ ಸುಂಕವನ್ನ ಡೀಸೆಲ್ಲಿಗೆ 6 ರೂಪಾಯಿ, ಪೆಟ್ರೋಲಿಗೆ 8 ರೂಪಾಯಿ ಇಳಿಸಿತು. ಅದು ನಿಮಗ ಸಿಕ್ಕ ಲಾಭನೇ. ಆದ್ರ ಮುಂದ ಲೋಕದ ಬೆಲೆ ಇಳಿದಾಗ ಬಂಕಿನ ಬೆಲೆ ಇಳೀಲಿಲ್ಲ. ಇಂಡಿಯನ್ ಆಯಿಲ್, ಭಾರತ್, ಹಿಂದುಸ್ತಾನ್, ಈ ಮೂರೂ ಕೂಡಿ 2023-24ರಾಗ ಸುಮಾರು 81,000 ಕೋಟಿ ರೂಪಾಯಿ ಲಾಭ ಮಾಡಿದ್ವು. ಚುನಾವಣೆಯ ಹೊಸ್ತಿಲಾಗ, 2024ರ ಮಾರ್ಚಿನಾಗ, ಲೀಟರಿಗೆ 2 ರೂಪಾಯಿ ಇಳಿಸಿದ್ರು. ಗುಜರಾತಿನ ಖಾಸಗಿ ರಿಫೈನರಿಗಳು ರಷ್ಯಾದ ಎಣ್ಣಿ ತಂದು ಡೀಸೆಲ್ ಮಾಡಿ ಯುರೋಪಿಗೇ ಮಾರಿದ್ವು. ಆ ಗಳಿಕಿ ಮ್ಯಾಲೆ ಕೇಂದ್ರ 2022ರ ಜುಲೈನಿಂದ ಹೆಚ್ಚುವರಿ ತೆರಿಗೆ ಹಾಕಿತ್ತು, 2024ರ ಡಿಸೆಂಬರಿನಾಗ ಅದನ್ನ ತೆಗೀತು.

ದೊಡ್ಡಪ್ಪ: ರಾಜ್ಯ ಸರ್ಕಾರ?

ಮಗಳು: ಅದೂ ಕೈ ಕಟ್ಟಿ ಕೂಡಲಿಲ್ಲ. 2024ರ ಜೂನ್‌ನಾಗ ಮಾರಾಟ ತೆರಿಗೆ ಏರಿಸಿ ಡೀಸೆಲ್ ಮೂರು ರೂಪಾಯಿ ಹೆಚ್ಚಾತು. 2025ರ ಏಪ್ರಿಲ್ 1ಕ್ಕ ಮತ್ತ ಎರಡು ರೂಪಾಯಿ. ಅದೇ ತಿಂಗಳಾಗ ಲೋಕದಾಗ ಕಚ್ಚಾ ತೈಲ ಕುಸೀತು. ಕುಸಿದದ್ದು ನಿಮಗ ಬರಬೇಕಿತ್ತು. ಕೇಂದ್ರ ಅಬಕಾರಿ ಸುಂಕವನ್ನ 2 ರೂಪಾಯಿ ಏರಿಸಿ ಅದನ್ನ ತಾನು ತಗೊಂತು. ಬಂಕಿನ ಫಲಕದ ಮ್ಯಾಲೆ ಬೆಲೆ ಬದಲಾಗಲಿಲ್ಲ, ಹಂಗಾಗಿ ಯಾರಿಗೂ ಕಾಣಲಿಲ್ಲ.

ದೊಡ್ಡಪ್ಪ: ಕೇಂದ್ರನೂ ಹಂಗೇ, ರಾಜ್ಯನೂ ಹಂಗೇ. ಟ್ರ್ಯಾಕ್ಟರಿಲ್ಲದವನೂ ಬಾಡಿಗಿ ಟ್ರ್ಯಾಕ್ಟರ್ ತರ್ತಾನ. ರಂಟಿ ಹೊಡಿಸಾಕ, ಕುಂಟಿ ಹೊಡಿಸಾಕ, ಹತ್ತಿ ಅಂಡಿಗಿ ರಾಯಚೂರಿಗೆ ಒಯ್ಯಾಕ, ಎಲ್ಲಾದಕ್ಕೂ ಡೀಸೆಲ್ ಲೆಕ್ಕ. ಅಗ್ಗದ ಎಣ್ಣಿ ಹೊಲದ ಬದುವಿನ ತನಕ ಬರಲಿಲ್ಲ ಅಂತ ಬರೆದುಕೋ. ಈಗ ದಂಡದ ಮಾತು ಹೇಳು.

ಮಗಳು: 2025ರ ಆಗಸ್ಟ್ 7ಕ್ಕ ಅಮೆರಿಕ ನಮ್ಮ ಸಾಮಾನಿನ ಮ್ಯಾಲೆ ನೂರಕ್ಕ 25 ಸುಂಕ ಹಾಕಿತು. ಅದು ವ್ಯಾಪಾರದ ಜಗಳದ್ದು. ರಷ್ಯಾದ ಎಣ್ಣಿ ಕೊಂಡಿದ್ದಕ್ಕ ಅಂತ ಹೆಸರು ಹೇಳಿ ಇನ್ನೂ 25 ಹಾಕಿದ್ದು ಆಗಸ್ಟ್ 27ರಿಂದ. ಒಟ್ಟು 50. ರಷ್ಯಾದ ಕಚ್ಚಾ ತೈಲವನ್ನ ನಮಗಿಂತ ಹೆಚ್ಚು ಕೊಂಡ ಚೀನಾಕ್ಕ ಈ ದಂಡ ಬೀಳಲಿಲ್ಲ. ರಷ್ಯಾದ ಅನಿಲ ಕೊಳ್ತಾ ಇದ್ದ ಯುರೋಪಿನ ದೇಶಗಳಿಗೂ ಬೀಳಲಿಲ್ಲ. ಇನ್ನೂ ಒಂದು ಮಾತು ಐತಿ, ಇದನ್ನ ನೀವು ನಂಬಲಿಕ್ಕಿಲ್ಲ. ಪೆಟ್ರೋಲು ಡೀಸೆಲಿನಂಥ ಇಂಧನಕ್ಕ, ಔಷಧಿಗೆ, ಮೊಬೈಲ್ ಫೋನಿಗೆ ಆ ಸುಂಕದಿಂದ ವಿನಾಯಿತಿ ಇತ್ತು.

ದೊಡ್ಡಪ್ಪ: ತಡಿ. ಎಣ್ಣಿ ತಂದಿದ್ದಕ್ಕ ದಂಡ. ಆ ಎಣ್ಣಿಯಿಂದ ಮಾಡಿದ ಡೀಸೆಲ್ ಅವರ ದೇಶಕ್ಕ ಹೋದ್ರ ದಂಡ ಇಲ್ಲ?

ಮಗಳು: ಇಲ್ಲ. ಬಿದ್ದದ್ದು ಬಟ್ಟೆಗೆ, ಸಿಗಡಿಗೆ, ಚರ್ಮದ ಸಾಮಾನಿಗೆ, ರತ್ನ ಆಭರಣಕ್ಕ. ಕೈ ಕೆಲಸ ಹೆಚ್ಚಿರೋ ಸಾಮಾನುಗಳಿಗೆ. ನಮ್ಮ ಸಿದ್ಧ ಉಡುಪಿಗೆ ಅಮೆರಿಕನೇ ಅತಿ ದೊಡ್ಡ ಮಾರುಕಟ್ಟೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ, ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಪೆಟ್ಟು. ಅಲ್ಲಿ ಮಿಷನ್ನಿನ ಮುಂದ ಕೂತಿರೋ ಹೆಣ್ಣುಮಕ್ಕಳಾಗ ನಮ್ಮ ಕಡೆಯವರೂ ಇದ್ದಾರ. ಕಾರ್ಖಾನೆಯವರು ದಿಲ್ಲಿಗೆ ಹೋಗಿ, ನಮ್ಮ ನೂಲು ದುಬಾರಿ ಆಗೈತಿ, ಹೊರಗಿನ ಹತ್ತಿ ಅಗ್ಗ ಸಿಗೋ ಹಂಗ ಮಾಡ್ರಿ ಅಂದ್ರು. ಹತ್ತಿ ಆಮದಿನ ಮ್ಯಾಲೆ ನೂರಕ್ಕ 11 ಸುಂಕ ಇತ್ತು. ಆಗಸ್ಟ್ 19ಕ್ಕ ಕೇಂದ್ರ ಅದನ್ನ ಸೆಪ್ಟೆಂಬರ್ ಕೊನೆತನಕ ತೆಗೀತು. ಒಂಬತ್ತು ದಿನ ಆಗೋದರಾಗ, ಡಿಸೆಂಬರ್ 31ರ ತನಕ ಅಂತ ಮುಂದೂಡಿತು.

ದೊಡ್ಡಪ್ಪ: ಆಗಸ್ಟಿನಾಗ ನನ್ನ ಹತ್ತಿ ಹೂವು ಬಿಟ್ಟಿತ್ತು.

ಮಗಳು: ಕಾಯಿ ಒಡೆದು ಮಾರುಕಟ್ಟೆಗೆ ಬರೋ ತಿಂಗಳುಗಳಿಗೇ ಬಾಗಿಲು ತೆರೆದಂಗಾತು. ಅಮೆರಿಕದ, ಬ್ರೆಜಿಲ್ಲಿನ ಹತ್ತಿ ಸುಂಕ ಇಲ್ಲದ ಬರಬಹುದು. ಆದ್ರ ಸಾವುಕಾರರು ಹೇಳಿದ್ದು ಅರ್ಧ ಖರೆ ಅಂತ ನಾನು ಯಾಕ ಅಂತೀನಿ ಅಂದ್ರ, ಲೋಕದ ಹತ್ತಿ ಬೆಲೆ ಅದಕ್ಕಿಂತ ಮೊದಲೇ ಕೆಳಗಿತ್ತು. ಆ ಸುಂಕ ನಿಮಗ ಒಂದು ಅಡ್ಡಗ್ವಾಡಿ ಆಗಿತ್ತು. ಗಾಳಿ ಬಿಟ್ಟ ಹೊತ್ತಿಗೇ ಗ್ವಾಡಿ ಕೆಡವಿದ್ರು.

ದೊಡ್ಡಪ್ಪ: ಈ ವರ್ಷ ಉದ್ದ ಎಳಿ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್ಲಿಗೆ 8,110 ರೂಪಾಯಿ. ಮಧ್ಯಮ ಎಳಿಗೆ 7,710. ಕಾಗದದ ಮ್ಯಾಲೆ ಚಂದ ಐತಿ. ಸಾವುಕಾರ ಏಳು ಸಾವಿರದ ಆಚೀಚೆ ಕೇಳ್ತಾನ. ಖರೀದಿ ಕೇಂದ್ರಕ್ಕ ಒಯ್ಯಬೇಕಂದ್ರ ಮೊದಲು ಮೊಬೈಲಿನಾಗ ಕಪಾಸ್ ಕಿಸಾನ್ ಅಂತ ಆ್ಯಪಿನಾಗ ಹೆಸರು ಬರೆಸಬೇಕು, ದಿನ ಗೊತ್ತು ಮಾಡಿಕೋಬೇಕು. ತೇವ ನೂರಕ್ಕ 12 ದಾಟಿದ್ರ ತಗೊಳ್ಳಂಗಿಲ್ಲ, 8ಕ್ಕಿಂತ ಹೆಚ್ಚಿದ್ರ ರೊಕ್ಕ ಮುರೀತಾರ. ಸೆಪ್ಟೆಂಬರಿನಾಗ ಈ ಸೀಮಿಗೆಲ್ಲ ಸುರಿದ ಮಳಿ ನಿನಗ ಗೊತ್ತೈತಿ. ಒಡೆದ ಕಾಯಿ ಕಪ್ಪಾತು, ಅರಳಿ ಬಣ್ಣ ಕೆಟ್ಟಿತು. ಅದನ್ನ ಒಣಗಿಸಿ ಕಾಯಾಕ ಮನ್ಯಾಗ ಜಾಗ ಬೇಕು, ಬಿಡಿಸಿದವರ ಕೂಲಿ ಕೊಡಾಕ ರೊಕ್ಕ ಬೇಕು, ಗೊಬ್ಬರದಂಗಡಿ ಉದ್ರಿ ತೀರಬೇಕು. ಎರಡೆಕರೆ ಹೊಲದವ ಕಾಯ್ತಾನೇನು? ಮೊದಲು ಕೇಳಿದ ಸಾವುಕಾರನಿಗೆ ಕೊಟ್ಟು ಬರ್ತಾನ. ಅವನ ಪಾಲಿಗೆ ಬೆಂಬಲ ಬೆಲೆ ಪೇಪರಿನ್ಯಾಗಿನ ಸುದ್ದಿ.

ಮಗಳು: ಬೇಳೆಕಾಳಿನ ಕತಿನೂ ಇದರ ಹತ್ರದ್ದೇ, ಉದ್ದಕ್ಕ ಹೇಳಂಗಿಲ್ಲ. 2023ರ ಡಿಸೆಂಬರಿನಿಂದ ಹಳದಿ ಬಟಾಣಿ ಸುಂಕ ಇಲ್ಲದ ಬಂತು, ಕೆನಡಾದಿಂದ, ರಷ್ಯಾದಿಂದ. ಕಡಲಿ ಹಿಟ್ಟಿಗೆ, ಬ್ಯಾಳಿಗೆ ಅದನ್ನ ಕೂಡಿಸ್ತಾರ. 2025ರ ನವೆಂಬರ್ 1ಕ್ಕ ನೂರಕ್ಕ 30 ಸುಂಕ ಹಾಕೋ ಹೊತ್ತಿಗೆ ತೊಗರಿ, ಕಡಲಿ ಬೆಲೆ ಬಿದ್ದಿತ್ತು.

ದೊಡ್ಡಪ್ಪ: ತೊಗರಿಗೆ ಬೆಂಬಲ ಬೆಲೆ 8,000. ಕಲಬುರಗಿ ಮಾರುಕಟ್ಟಿ ಕೇಳಿ ನೋಡು, ಯಾರಿಗೆ ಸಿಕ್ಕೈತಿ ಅಂತ. ಆದ್ರ ನೀ ಒಂದು ಮಾತು ಹೇಳು. ಇಷ್ಟು ತಿಳಿದವಳು ನೀ, ರಷ್ಯಾದ ಎಣ್ಣಿ ಕೊಂಡದ್ದು ಸರಿ ಅಂತೀಯೋ, ತಪ್ಪು ಅಂತೀಯೋ?

ಮಗಳು: ನನಗ ಸುಲಭಕ್ಕ ಹೇಳಾಕ ಆಗಂಗಿಲ್ಲ. 2022ರ ಮಾರ್ಚ್ 1ಕ್ಕ ಖಾರ್ಕಿವ್ ಊರಾಗ ಹಾವೇರಿ ಜಿಲ್ಲೆಯ ಹುಡುಗ ಸತ್ತ. ವೈದ್ಯಕೀಯ ಓದಾಕ ಹೋಗಿದ್ದವ, ಬಂಕರಿನಿಂದ ಊಟದ ಸಾಮಾನು ತರಾಕ ಹೊರಗ ಬಂದಿದ್ದ. ಆ ಶೆಲ್ ಹಾರಿಸಿದ ಸೈನ್ಯಕ್ಕ ರೊಕ್ಕ ಬರೋದು ಎಣ್ಣಿಯಿಂದ. ಅಗ್ಗದ ಬ್ಯಾರಲ್ಲಿನ ಕಾಗದಪತ್ರ ನೋಡುವಾಗ ಅದು ನನಗ ನೆನಪಾಗ್ತೈತಿ. ಆದ್ರ ನಾವು ಬಿಟ್ಟರ ಯುದ್ಧ ನಿಲ್ತೈತಿ ಅಂತಲೂ ಹೇಳಾಕ ಬರಂಗಿಲ್ಲ. ಇರಾನಿನ ಎಣ್ಣಿ ಬಿಟ್ಟೆವು, ಅಲ್ಲಿ ಏನೂ ಸುಧಾರಿಸಲಿಲ್ಲ. ಅದು ಬೇರೆ ಬೇರೆ ಹೆಸರಿನ್ಯಾಗ ಚೀನಾಕ್ಕ ಹೋತು.

ದೊಡ್ಡಪ್ಪ: ನಮ್ಮ ಕಲಬುರಗಿ ಕಡೆ ಹುಡುಗರು ನೌಕರಿ ಅಂತ ಹೋಗಿ ರಷ್ಯಾದ ಸೈನ್ಯದಾಗ ಸಿಕ್ಕಿಬಿದ್ದು, 2024ರಾಗ ಹೆಂಗೋ ತಿರುಗಿ ಬಂದ್ರಲ್ಲ, ಅವರನ್ನೂ ನೆನಸು. ಆ ಯುದ್ಧ ನಮ್ಮ ಮನಿ ಬಾಗಿಲಿಗೆ ಬಂದು ಹೋಗೈತಿ. ನಾನು ನಿನ್ನಷ್ಟು ಓದಿದವ ಅಲ್ಲ. ಆದ್ರ ನನ್ನ ಎಣಿಕಿ ಹಿಂಗೈತಿ. ಯುದ್ಧ ತಪ್ಪು. ಅದನ್ನ ನಿಲ್ಲಿಸಬೇಕಂದ್ರ ಎಲ್ಲಾ ದೇಶ ಕೂಡಿ ಎಣ್ಣಿ ಬಿಡಬೇಕು, ತಾವು ಬ್ಯಾರೆ ದಾರಿಲೇ ಕೊಂತಾ ನಮಗೊಬ್ಬರಿಗೆ ಬಾರುಕೋಲು ತೋರಿಸಬಾರದು. ಅಲ್ಲೀತನಕ ದೇಶ ಅಗ್ಗದ ಎಣ್ಣಿ ಕೊಂಡದ್ದು ತಪ್ಪಲ್ಲ. ತಪ್ಪು ಎಲ್ಲಿ ಐತಿ ಅಂದ್ರ, ಲಾಭ ಒಬ್ಬರ ಕೈಗೆ, ದಂಡ ಇನ್ನೊಬ್ಬರ ತಲಿಗೆ ಹೋಗಿದ್ದರಾಗ ಐತಿ. ರಿಫೈನರಿಯವರು ಗಳಿಸಿದ್ರು, ಎರಡೂ ಸರ್ಕಾರ ತೆರಿಗಿ ಗಳಿಸಿದ್ವು. ದಂಡ ಬಂದಾಗ ಅದನ್ನ ಕಟ್ಟಿದ್ದು ಗಾರ್ಮೆಂಟ್ಸಿನ ಹೆಣ್ಣುಮಗಳು, ಎರಿ ಹೊಲದ ಹತ್ತಿಯವ. ಇವರಿಬ್ಬರಾಗ ಯಾರೂ ರಷ್ಯಾದ ಜೋಡಿ ಸವಾಲು ಕೂಗಿದವರಲ್ಲ.

ಮಗಳು: ಅಗ್ಗದ ಎಣ್ಣಿ ಇಲ್ಲದಿದ್ರ 2022ರಾಗ ಎಲ್ಲಾ ಸಾಮಾನಿನ ಬೆಲೆ ಇನ್ನೂ ಏರ್ತಿತ್ತು, ನಿಮಗೂ ತಾಗ್ತಿತ್ತು ಅಂತ ದಿಲ್ಲಿಯವರು ಹೇಳಬಹುದು.

ದೊಡ್ಡಪ್ಪ: ಹೇಳಲಿ. ಲೆಕ್ಕ ಇಟ್ಟು ಹೇಳಲಿ. ಯಾವ ವರ್ಷ ಎಷ್ಟು ಅಗ್ಗ ಸಿಕ್ಕಿತು, ಅದರಾಗ ಕಂಪನಿಗೆ ಎಷ್ಟು, ಖಜಾನಿಗೆ ಎಷ್ಟು, ಬಂಕಿಗೆ ಎಷ್ಟು ಅಂತ ಪಾರ್ಲಿಮೆಂಟಿನಾಗ ಹಾಳಿ ಇಡಲಿ. ನಾವು ಒಂದು ಬೆಳಿ ಸಾಲ ತಗೊಂಡ್ರ ಪಹಣಿ ಕೊಡ್ರಿ, ಆಧಾರ ಕೊಡ್ರಿ, ಬೆಳಿ ದರ್ಶಕ ತೋರಿಸ್ರಿ ಅಂತಾರ. ಇಷ್ಟು ದೊಡ್ಡ ವ್ಯಾಪಾರಕ್ಕ ಒಂದು ಹಾಳಿ ಕೇಳೋದು ಹೆಚ್ಚೇನಲ್ಲ.

ಮಗಳು: ಲೆಕ್ಕ ಇಟ್ಟರೂ ನಿಮ್ಮ ಹತ್ತಿಗೆ ಏನು ಸಿಗ್ತೈತಿ?

ದೊಡ್ಡಪ್ಪ: ಸಿಗಬೇಕಾದ್ದನ್ನ ಕೇಳ್ತೀನಿ. ಹತ್ತಿ ಸುಂಕ ತೆಗಿಯೋ ಆದೇಶ ಬಂದ ದಿನಾನೇ, ಬೆಲೆ ಎಷ್ಟು ಬೀಳ್ತೈತಿ ಅಷ್ಟನ್ನ ಬೆಳೆಗಾರನ ಖಾತೆಗೆ ಹಾಕೋ ಆದೇಶನೂ ಬರಬೇಕಿತ್ತು. ಕಾರ್ಖಾನೆಯವರು ದಿಲ್ಲಿಗೆ ಹೋದ್ರ ಒಂಬತ್ತು ದಿನದಾಗ ಆದೇಶ ಮುಂದೂಡಾಕ ಬರ್ತೈತಿ. ನಮಗ ಖರೀದಿ ಕೇಂದ್ರ ತೆಗಿಯಾಕ ತಿಂಗಳು ತಿಂಗಳು ಬೇಕು. ಮಸ್ಕಿಯಾಗ, ಲಿಂಗಸುಗೂರಿನಾಗ, ಸಿಂಧನೂರಿನಾಗ ಹತ್ತಿ ಬಿಡಿಸೋಕಿಂತ ಮೊದಲು ಕೇಂದ್ರ ತೆಗೀಲಿ, ಮಳಿಗಾಲ ಕೆಟ್ಟ ವರ್ಷ ತೇವದ ಕಟ್ಟಳೆ ಸಡಿಲ ಮಾಡಲಿ. ಇನ್ನೊಂದು ಕೇಳು. ಈ ಊರು ಧರಣಿ ಕೂತ ಊರು. ನಾರಾಯಣಪುರ ಬಲದಂಡಿಯ 5ಎ ಕಾಲುವಿ ಮಾಡ್ರಿ ಅಂತ 2020ರ ನವೆಂಬರಿನಿಂದ ಇಲ್ಲೇ ಟೆಂಟು ಹೊಡೆದು ತಿಂಗಳುಗಟ್ಟಲೆ ಕೂತ್ರು. ಉಪಚುನಾವಣೆ ಬಂತು, ಎಲ್ಲರೂ ಬಂದು ಮಾತು ಕೊಟ್ಟು ಹೋದ್ರು. ಆ ನೀರು ಹೊಲಕ್ಕ ಹರಿದಿದ್ರ ನಾವು ಹತ್ತಿ, ತೊಗರಿ ಎರಡನ್ನೇ ನೆಚ್ಚಿ ಕೂಡಬೇಕಾಗಿರಲಿಲ್ಲ. ಮಳಿಯಾಶ್ರಿತ ರೈತನಿಗೆ ಹೊರಗಿನ ಪೆಟ್ಟು ಎರಡು ಪಟ್ಟು ತಾಗ್ತೈತಿ, ಯಾಕಂದ್ರ ಬೆಳಿ ಬದಲಿ ಮಾಡಾಕ ಅವನಿಗೆ ದಾರಿ ಇಲ್ಲ.

ಮಗಳು: ಈ ಸುದ್ದಿನೂ ಕೇಳ್ರಿ. ಅಕ್ಟೋಬರ್ 22ಕ್ಕ ಅಮೆರಿಕ ರಷ್ಯಾದ ಎರಡು ದೊಡ್ಡ ಕಂಪನಿ, ರೋಸ್‌ನೆಫ್ಟ್ ಮತ್ತು ಲುಕಾಯಿಲ್ ಮ್ಯಾಲೆ ನೇರ ನಿರ್ಬಂಧ ಹಾಕೈತಿ. ನವೆಂಬರ್ 21ಕ್ಕ ಗಡುವು ಮುಗೀತು. ನಮ್ಮ ಹಲವು ರಿಫೈನರಿಗಳು ಅವರಿಂದ ಕೊಳ್ಳೋದು ನಿಲ್ಲಿಸ್ಯಾವ. ಇರಾನಿನ ಎಣ್ಣಿ ವಿಷಯದಾಗ ಆದಂಥದ್ದೇ ಬ್ಯಾಂಕು, ವಿಮೆ, ಹಡಗಿನ ಕಾಗದದ ತಕರಾರು ಮತ್ತ ಶುರುವಾಗೈತಿ.

ದೊಡ್ಡಪ್ಪ: ಅಂದ್ರ ಎಣ್ಣಿನೂ ಕಡಿಮಿ ಆತು. ದಂಡ ತೆಗೆದ್ರೇನು?

ಮಗಳು: ಇವತ್ತಿನ ತನಕ ತೆಗೆದಿಲ್ಲ.

ದೊಡ್ಡಪ್ಪ: ಹತ್ತಿ ಸುಂಕದ ವಿನಾಯಿತಿ?

ಮಗಳು: ಡಿಸೆಂಬರ್ 31ಕ್ಕ ಮುಗೀತೈತಿ. ಅಷ್ಟೊತ್ತಿಗೆ ಎರಡೆಕರೆ, ಮೂರೆಕರೆಯವರ ಹತ್ತಿ ಎಲ್ಲಾ ಮಾರಿ ಆಗಿರ್ತೈತಿ.